ನಾಲ್ಕೂ ಮಿನುಗುವ ಗಾಡಿ

ಆಯುಧಪೂಜೆಯ ಮಾರನೆಯ ದಿನ ಮುಳಬಾಗಿಲಿನ ಅರ್ಧ ಬೈಕುಗಳಿಗೆ ಇಂಡಿಕೇಟರ್ ಇರುವುದಿಲ್ಲ. ಇದು ನಾನು ಕಟ್ಟಿದ ಮಾತಲ್ಲ, ವೈರಿಂಗ್ ಮಾಡುವ ಯಾರನ್ನು ಬೇಕಾದರೂ ಕೇಳಿ. ವರ್ಷವಿಡೀ ಗಾಡಿಗೆ ಒಂದು ಒದ್ದೆ ಬಟ್ಟೆ ಮುಟ್ಟಿಸದವರು ಅವತ್ತು ವಾಟರ್ ಸರ್ವಿಸಿನ ಪೈಪು ಹಿಡಿದು ಸ್ವಿಚ್ಚಿನ ಹೊಟ್ಟೆಯೊಳಗೇ ನೀರು ನುಗ್ಗಿಸುತ್ತಾರೆ. ಆಮೇಲೆ ಹೆಡ್‌ಲೈಟಿಗೆ ವಿಭೂತಿ ಪಟ್ಟೆ, ನಾಲ್ಕು ಇಂಡಿಕೇಟರಿಗೂ ಅರಿಶಿನ ಕುಂಕುಮ, ಹ್ಯಾಂಡಲ್ಲಿಗೆ ಬಾಳೆಕಂದು. ಹಬ್ಬ ಮುಗಿದ ಮೇಲೆ ಕಂದನ್ನು ಎಳೆದು ಕೀಳುವಾಗ ಜೊತೆಗೆ ವೈರೂ ಕಿತ್ತು ಬರುತ್ತದೆ. ಬೆಳಗಾದರೆ ಅದೇ ಜನ ನನ್ನ ಮುಂದೆ ನಿಂತು, "ಏನೂ ಮಾಡ್ಲಿಲ್ಲ ಕಣಮ್ಮ, ಪೂಜೆ ಮಾಡಿದ್ವಿ ಅಷ್ಟೇ" ಅನ್ನುತ್ತಿದ್ದರು. ದೇವರು ಮೆಚ್ಚಿದನೋ ಇಲ್ಲವೋ, ನನ್ನ ಕೈತುಂಬ ಕೆಲಸವಂತೂ ಇರುತ್ತಿತ್ತು.

ಇರುತ್ತಿತ್ತು ಅಂದೆ. ಈಗ ಇಲ್ಲ. ಯಾಕಿಲ್ಲ ಅನ್ನುವುದನ್ನೇ ಹೇಳಲು ಕೂತಿದ್ದೇನೆ.

ಅಂಗಡಿ ಅಪ್ಪನದು. ಗಂಗುಲಪ್ಪ ಅಂದರೆ ನಂಗಲಿ ಗಡಿಯಿಂದ ಶ್ರೀನಿವಾಸಪುರದವರೆಗೆ ಬೈಕ್ ವೈರಿಂಗಿಗೆ ಹೆಸರು. ರಸ್ತೆಗೆ ಅಂಗಡಿ, ನಡುವೆ ಅಂಗಳ, ಹಿಂದೆ ಮನೆ. ನನ್ನನ್ನು ಶ್ರೀನಿವಾಸಪುರಕ್ಕೆ ಮದುವೆ ಮಾಡಿ ಕೊಟ್ಟಿದ್ದರು. ಅಲ್ಲಿ ಬಾಳಲಾಗದೆ ವಾಪಸ್ ಬಂದೆ. ಯಾಕೆ ಬಂದೆ ಅನ್ನುವುದಕ್ಕೆ ಊರಿನವರು ತಲೆಗೊಂದು ಕಥೆ ಕಟ್ಟಿದ್ದಾರೆ, ಯಾರಿಗೆ ಯಾವುದು ರುಚಿಸುತ್ತದೋ ಅದನ್ನೇ ಇಟ್ಟುಕೊಳ್ಳಲಿ. ಬಂದವಳು ಮೂಲೆ ಹಿಡಿದು ಅಳಲಿಲ್ಲ. ಅಪ್ಪನ ಕಣ್ಣಿಗೆ ಆಗ ಪೊರೆ ಬರತೊಡಗಿತ್ತು. ಕೆಂಪು ವೈರು, ಕಂದು ವೈರು ಎರಡೂ ಒಂದೇ ಥರ ಕಾಣುತ್ತವೆ ಅಂತ ಗೊಣಗುತ್ತಿದ್ದ. ನಾನು ಪಕ್ಕದಲ್ಲಿ ಕೂತು ಬಣ್ಣ ಹೇಳತೊಡಗಿದೆ. ಬಣ್ಣ ಹೇಳುವುದರಿಂದ ವೈರು ಸುಲಿಯುವುದಕ್ಕೆ ಬಂದೆ, ಸುಲಿಯುವುದರಿಂದ ಬೆಸುಗೆಗೆ ಬಂದೆ. ಕೊನೆಗೆ ಅಪ್ಪ ಕುರ್ಚಿ ಹಾಕಿಕೊಂಡು ಬೀಡಿ ಸೇದುವುದು, ನಾನು ಕೆಲಸ ಮಾಡುವುದು ಅಂತಾಯಿತು.

ಇಂಡಿಕೇಟರಿನ ರೋಗ ಹಿಡಿಯುವುದಕ್ಕೆ ಮೊದಲು ಕಿವಿ ಬೇಕು. ಸ್ವಿಚ್ ಒತ್ತಿದಾಗ ಟಿಕ್ಕು ಟಿಕ್ಕು ಅವಸರವಾಗಿ ಬಡಿದುಕೊಂಡರೆ ಆ ಕಡೆಯ ಒಂದು ಬಲ್ಬು ಸತ್ತಿದೆ. ಟಿಕ್ಕೇ ಇಲ್ಲದಿದ್ದರೆ ಫ್ಯೂಸೋ, ದೀಪ ಮಿನುಗಿಸುವ ಫ್ಲಾಷರೋ ಹೋಗಿದೆ. ಟಿಕ್ಕು ಸರಿಯಿದ್ದು ಬೆಳಕು ಮಂಕಾಗಿ, ಹಿಂದಿನ ಕೆಂಪು ದೀಪವೂ ಜೊತೆಗೆ ಮಿಣುಕಿದರೆ ಗಾಡಿಯ ಕಬ್ಬಿಣದ ಬಾಡಿಗೆ ಸೇರುವ ಅರ್ಥಿಂಗ್ ವೈರು ಬಿಟ್ಟಿದೆ. ಹೊಸ ಫ್ಲಾಷರ್ ಹಾಕಿ ಕಳಿಸುವುದು ಸುಲಭ. ಎಲ್ಲಿ ಬಿಟ್ಟಿದೆ ಅಂತ ಹುಡುಕುವುದೇ ಕೆಲಸ. ಅಪ್ಪ ಇನ್ನೊಂದು ಮಾತು ಹೇಳುತ್ತಿದ್ದ: "ವೈರಿಗೆ ವೈರು ಸುತ್ತಿ ಟೇಪ್ ಅಂಟ್ಸೋದು ತಾಳಿ ಕಟ್ದೆ ಸಂಸಾರ ಮಾಡ್ದಂಗೆ ಕಣೇ, ಯಾವತ್ತು ಬಿಟ್ಟೋಗ್ತದೋ ಗೊತ್ತಿಲ್ಲ." ತಾಳಿ ಕಟ್ಟಿಸಿಕೊಂಡೂ ಬಿಟ್ಟುಬಂದ ಮಗಳ ಮುಂದೆ ಈ ಮಾತು ಆಡುತ್ತಿದ್ದೇನೆ ಅನ್ನುವುದು ಅವನಿಗೆ ಹೊಳೆಯುತ್ತಿರಲಿಲ್ಲ. ಆದರೂ ಪಾಠ ಸರಿಯಾಗಿತ್ತು. ನಾನು ಒಂದು ಜಾಯಿಂಟನ್ನೂ ಬೆಸುಗೆಯಿಲ್ಲದೆ, ಮೇಲೆ ಪ್ಲಾಸ್ಟಿಕ್ ಕೊಳವೆಯ ಸ್ಲೀವ್ ಏರಿಸದೆ ಬಿಟ್ಟವಳಲ್ಲ.

ಶ್ರಾವಣದಲ್ಲಿ ಅಪ್ಪನೇ ಬಾಯಿಬಿಟ್ಟು ಹೇಳಿದ್ದ. "ಈ ಸಲ ಹಬ್ಬಕ್ಕೆ ಬೋರ್ಡು ಬದಲಾಯಿಸ್ಬಿಡೋಣ ಕಣೇ. ರಜನಿ ಎಲೆಕ್ಟ್ರಿಕಲ್ಸ್ ಅಂತ ಬರೆಸ್ತೀನಿ. ನಾನಿಲ್ದಿದ್ರೂ ನಿಂಗೊಂದು ನೆಲೆ ಅಂತ ಇರ್ಲಿ."

ನನಗೆ ಬೇಕಿದ್ದದ್ದು ಅಷ್ಟೇ. ಗಂಡನ ಮನೆ ನನ್ನದಾಗಲಿಲ್ಲ, ತವರು ಹೇಗೂ ನನ್ನದಲ್ಲ. ಆ ಅಂಗಡಿಯ ಬಾಗಿಲ ಮೇಲೆ ನನ್ನ ಹೆಸರು ಬಂದರೆ ನಾಳೆ ಯಾರೂ ನನ್ನನ್ನು ಎಬ್ಬಿಸಿ ಕಳಿಸಲಾರರು. ಬೋರ್ಡಿನ ಬಣ್ಣ ಯಾವುದಿರಬೇಕು ಅಂತಲೂ ಯೋಚಿಸಿಕೊಂಡಿದ್ದೆ. ಹಳದಿಯ ಮೇಲೆ ಕಪ್ಪು ಅಕ್ಷರ, ದೂರದಿಂದಲೇ ಕಾಣುವಂತೆ.

ಅಣ್ಣ ಚಂದ್ರಮೋಹನ್ ಮಾಲೂರಿನ ಕಡೆ ಒಂದು ಫ್ಯಾಕ್ಟರಿಯಲ್ಲಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಗೆ ಬರುತ್ತಿದ್ದ, ಬೂದುಗುಂಬಳಕಾಯಿ ಒಡೆಯುವುದಕ್ಕೆ. ಹೆಣ್ಣು ಕುಂಬಳಕಾಯಿ ಒಡೆಯಬಾರದಂತೆ, ಮನೆಗೆ ಆಗಿಬರುವುದಿಲ್ಲವಂತೆ. ಕಾಯಿ ತರುವುದು ನಾನು, ಅದಕ್ಕೆ ತೂತು ಕೊರೆದು ಕುಂಕುಮ ತುಂಬುವುದು ನಾನು, ಟೂಲ್ಸುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ಸಾಲಾಗಿ ಜೋಡಿಸುವುದು ನಾನು. ಅಣ್ಣ ಇಸ್ತ್ರಿ ಅಂಗಿ ತೊಟ್ಟು ಬಂದು, ಕರ್ಪೂರ ಹಚ್ಚಿದ ಕಾಯಿಯನ್ನು ಮೂರು ಸುತ್ತು ನಿವಾಳಿಸಿ, ರಸ್ತೆಗೆ ಅಪ್ಪಳಿಸಿ, ಹೋಳಿಗೆ ತಿಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದ. ಅದಕ್ಕೆ ನಾನು ಯಾವತ್ತೂ ಬೇಜಾರು ಮಾಡಿಕೊಂಡಿರಲಿಲ್ಲ. ಒಡೆದರೆ ಒಡೆಯಲಿ, ರಸ್ತೆ ತೊಳೆಯುವುದು ಹೇಗೂ ನಾನೇ ಅಂದುಕೊಳ್ಳುತ್ತಿದ್ದೆ.

ಈ ವರ್ಷ ಅವನು ಚೀಲದ ಬದಲು ಸೂಟ್‌ಕೇಸ್ ಹಿಡಿದು ಬಂದ. ಫ್ಯಾಕ್ಟರಿಯವರು ಕಾಂಟ್ರ್ಯಾಕ್ಟಿನವರನ್ನೆಲ್ಲ ಮನೆಗೆ ಕಳಿಸಿದ್ದರು. ಕುಂಬಳಕಾಯಿ ಒಡೆದಾದ ಮೇಲೆ ಅಪ್ಪ ಟೂಲ್ಸಿನ ಸಾಲಿನಿಂದ ಟೆಸ್ಟ್ ಲ್ಯಾಂಪನ್ನು ತಡವರಿಸಿ ಎತ್ತಿಕೊಂಡ. ಒಂದು ಬಲ್ಬು, ಎರಡು ವೈರು, ತುದಿಗೊಂದು ಕ್ಲಿಪ್ಪು, ಎಲ್ಲಿಯವರೆಗೆ ಕರೆಂಟಿದೆ ಅಂತ ಅದರಿಂದಲೇ ಹುಡುಕುವುದು. ಅದಕ್ಕೆ ಕುಂಕುಮ ಹಚ್ಚಿ ಅಣ್ಣನ ಕೈಗಿಟ್ಟ.

"ಇನ್ಮೇಲೆ ಚಂದ್ರು ಕೂತ್ಕೋತಾನೆ. ನೀನು ಒಂದಿಷ್ಟು ದಿನ ಹೇಳ್ಕೊಡು, ಸಾಕು."

"ಬೋರ್ಡು?" ಅಂದೆ.

ಅಪ್ಪ ಬೀಡಿ ಹಚ್ಚಿಕೊಂಡ. ಅಮ್ಮ ಚಿಕ್ಕಗಂಗಮ್ಮನೇ ಬಾಗಿಲಿಂದ ಹೇಳಿದಳು: "ಪೋನೀಲೇ ರಜನಿ, ಹೋಗ್ಲಿ ಬಿಡು. ಅವನ್ಗೆ ಹೆಂಡ್ತಿ ಮಕ್ಕಳಿದ್ದಾರೆ. ನಿಂಗೊಬ್ಳಿಗೆ ಎಷ್ಟು ಬೇಕು?"

ಒಬ್ಬಳಿಗೆ ಎಷ್ಟು ಬೇಕು ಅನ್ನುವ ಲೆಕ್ಕ ಒಬ್ಬಳಾಗಿ ಇದ್ದವರಿಗೇ ಗೊತ್ತು. ಆದರೆ ಹಬ್ಬದ ದಿನ ಜಗಳ ಮಾಡಬಾರದಂತೆ. ಅದೂ ಹೆಣ್ಣಿಗೆ ಹೇಳಿಟ್ಟ ಮಾತೇ. ಒಂದು ವಾರದಲ್ಲಿ ಬೋರ್ಡು ಬಂತು. ಚಂದ್ರಮೋಹನ್ ಎಲೆಕ್ಟ್ರಿಕಲ್ಸ್. ಹಳದಿಯ ಮೇಲೆ ಕಪ್ಪು ಅಕ್ಷರ. ಬಣ್ಣದ ಮಾತನ್ನು ನಾನು ಹೇಳಿಕೊಂಡಿದ್ದು ಅಪ್ಪನ ಹತ್ತಿರ ಮಾತ್ರ.

ಹೇಳಿಕೊಡಲು ಹೋದೆ. ಕಲಿಯಬೇಕಲ್ಲ? ಅಣ್ಣನಿಗೆ ವೈರು ಹುಡುಕುವ ತಾಳ್ಮೆಯಿಲ್ಲ. ಬೆಸುಗೆಯ ಹೊಗೆ ಆಗುವುದಿಲ್ಲ. ಅವನು ಹಿಡಿದದ್ದು ಎಲ್‌ಇಡಿ ವ್ಯಾಪಾರ. ಹಳೆಯ ಬಲ್ಬು ಕಿತ್ತು ಹಾಕಿ, ಕಣ್ಣು ಕುಕ್ಕುವ ಎಲ್‌ಇಡಿ ಇಂಡಿಕೇಟರ್ ಕೂರಿಸಿ, ವೈರಿಗೆ ವೈರು ಸುತ್ತಿ ಟೇಪ್ ಅಂಟಿಸಿ ಕಳಿಸುವುದು. ಪಡ್ಡೆಗಳು ಸಾಲುಗಟ್ಟಿದರು. ಹೊಸ ಗಾಡಿಗಳಿಗೆ ತೊಂದರೆಯಾಗಲಿಲ್ಲ. ಹಳೆಯ ಗಾಡಿಗಳಲ್ಲಿ ಮಾತ್ರ ಎಡಕ್ಕೆ ಒತ್ತಿದರೂ, ಬಲಕ್ಕೆ ಒತ್ತಿದರೂ ನಾಲ್ಕೂ ಒಟ್ಟಿಗೆ ಮಿನುಗತೊಡಗಿದವು.

ಅದು ಯಾಕೆ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹಳೆಯ ಗಾಡಿಯ ಮೀಟರಿನಲ್ಲಿ ಎಡಕ್ಕೂ ಬಲಕ್ಕೂ ಸೇರಿ ಒಂದೇ ಒಂದು ಸೂಚನೆಯ ಬಲ್ಬು, ಎರಡು ಕಡೆಯ ವೈರಿನ ನಡುವೆ ಕೂತಿರುತ್ತದೆ. ಎಡಕ್ಕೆ ಕರೆಂಟು ಕೊಟ್ಟರೆ ಅದು ಈ ಬಲ್ಬನ್ನು ದಾಟಿ ಬಲಗಡೆಯ ದೀಪಗಳ ಮೂಲಕ ಅರ್ಥಿಂಗಿಗೆ ಸೇರುತ್ತದೆ. ಹಳೆಯ ಬಲ್ಬು ಉರಿಯಲು ಅಷ್ಟು ಸಣ್ಣ ಕರೆಂಟು ಸಾಲದು, ಹಾಗಾಗಿ ಯಾರಿಗೂ ಕಾಣುವುದಿಲ್ಲ. ಎಲ್‌ಇಡಿಗೆ ಅಷ್ಟೇ ಸಾಕು. ಕರೆಂಟು ಹೋಗಬಹುದು, ತಿರುಗಿ ಬರಬಾರದು ಅನ್ನುವಂತೆ ಎರಡು ಡಯೋಡ್ ಹಾಕಿದರೆ ಮುಗಿಯಿತು. ಕಡಲೆಕಾಳಿಗಿಂತ ಸಣ್ಣ ವಸ್ತು. ನನ್ನ ಡಬ್ಬಿಯಲ್ಲೇ ಇತ್ತು.

ಅಪ್ಪ ಕುರ್ಚಿಯಲ್ಲಿ ಕೂತಿದ್ದಾಗಲೇ ಅಣ್ಣನಿಗೆ ಇದನ್ನೆಲ್ಲ ಹೇಳಿದೆ. "ಡಯೋಡ್ ಹಾಕ್ದೆ ಕಳಿಸ್ಬೇಡ ಕಣೋ. ಯಾವ ಕಡೆ ತಿರುಗ್ತಾನೆ ಅಂತ ಹಿಂದಿನೋನಿಗೆ ಗೊತ್ತಾಗಲ್ಲ."

"ಗಿರಾಕಿಗೇ ಖುಷಿಯಾಗೈತೆ, ನಿಂದೇನೇ ಗೋಳು?" ಅಂದ. "ನಾಲ್ಕೂ ಹೊಡ್ಕೊಂಡ್ರೆ ಡಬಲ್ ಸೇಫ್ಟಿ. ಕಾರ್‌ಗೆ ಇರಲ್ವಾ? ಹಂಗೆ."

ಕಾರಿಗೆ ಇರುವುದು ಗಾಡಿ ಕೆಟ್ಟು ನಿಂತಾಗ ಹಾಕುವುದಕ್ಕೆ. ಆದರೆ ನಮ್ಮ ಕಡೆ ಕಾರಿನವರೂ ಅದನ್ನು ಸರ್ಕಲ್ಲಿನಲ್ಲಿ ಹಾಕಿಕೊಂಡು ನೇರಕ್ಕೆ ನುಗ್ಗುತ್ತಾರೆ. ಎಡಕ್ಕೆ ಎಡದ್ದು, ಬಲಕ್ಕೆ ಬಲದ್ದು, ನೇರ ಹೋಗಲು ನಾಲ್ಕೂ ಅಂತ ಯಾವ ಪುಣ್ಯಾತ್ಮ ಕಲಿಸಿದನೋ, ಕೋಲಾರದಿಂದ ನಂಗಲಿವರೆಗೆ ಎಲ್ಲರೂ ಕಲಿತುಬಿಟ್ಟಿದ್ದಾರೆ. ಅಂಥ ರಸ್ತೆಗೆ ಅಣ್ಣ ಬಲಕ್ಕೆ ತಿರುಗುವವನನ್ನೂ ನಾಲ್ಕು ದೀಪ ಹಚ್ಚಿ ಬಿಡುತ್ತಿದ್ದ. ನಾನು ಅಪ್ಪನ ಕಡೆ ನೋಡಿದೆ. ಅವನು ಬೀಡಿಯ ಬೂದಿ ಕೊಡವಿದ. "ಅವನು ಅಂಗಡಿ ಯಜಮಾನ. ಎಲ್ರ ಮುಂದೆ ಅವನ್ಗೆ ಪಾಠ ಹೇಳ್ಬೇಡ," ಅಂದ. ಅವತ್ತಿನಿಂದ ನಾನು ಅಂಗಡಿಗೆ ಕಾಲಿಡಲಿಲ್ಲ.

ಮುನಿಕೃಷ್ಣ ನಂಗಲಿ ಕಡೆಯವನು, ಬೈಕಿನ ಹಿಂದೆ ಕ್ರೇಟು ಕಟ್ಟಿಕೊಂಡು ಟೊಮೆಟೊ ಮಂಡಿಗೆ ಹಾಕುವವನು. ನನ್ನ ಹಳೆಯ ಗಿರಾಕಿ. ಒಂದು ಸಲ ಅವನ ಗಾಡಿಯ ವೈರಿಂಗ್ ಪೂರ್ತಿ ಇಲಿ ಕಡಿದಿತ್ತು, ಹೊಸದಾಗಿ ಎಳೆದುಕೊಟ್ಟಿದ್ದೆ. ಕ್ರೇಟು ತಾಗಿ ಹಿಂದಿನ ಇಂಡಿಕೇಟರ್ ಮುರಿದಿತ್ತು ಅಂತ ಈ ಸಲ ಬಂದ. ನಾನು ಇರಲಿಲ್ಲ. ಅಣ್ಣ ನಾಲ್ಕೂ ಎಲ್‌ಇಡಿ ಹಾಕಿಕೊಟ್ಟ.

ದೀಪಾವಳಿ ಕಳೆದ ಮೇಲೆ ಹೈವೇಯಲ್ಲಿ ಅವನು ಮಂಡಿ ಕಡೆಗೆ ಬಲಕ್ಕೆ ತಿರುಗಲು ಸ್ವಿಚ್ ಒತ್ತಿದ. ನಾಲ್ಕೂ ಮಿನುಗಿದವು. ಹಿಂದಿನ ಪಿಕಪ್ಪಿನವನು ಇವನು ನೇರ ಹೋಗುತ್ತಾನೆ ಅಂದುಕೊಂಡು ಬಲಗಡೆಯಿಂದಲೇ ಮುಂದೆ ಹಾಯಲು ಬಂದ. ಮುನಿಕೃಷ್ಣನ ಕಾಲು ಎರಡು ಕಡೆ ಮುರಿಯಿತು. ಜೀವ ಉಳಿದದ್ದು ಪುಣ್ಯ ಅಂದರು. ಕಾಲು ಮುರಿದ ಟೊಮೆಟೊದವನಿಗೆ ಅದು ಎಂಥ ಪುಣ್ಯವೋ ನನಗೆ ಗೊತ್ತಿಲ್ಲ.

ಅವನ ಹೆಂಡತಿ ವೆಂಕಟರತ್ನಮ್ಮ ಆ ಗಾಡಿಯನ್ನು ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ನಮ್ಮ ಅಂಗಳಕ್ಕೇ ಬಂದಳು. ಜೊತೆಗೆ ಅವಳ ತಮ್ಮ ಆಂಜಿ. ಅಕ್ಕಪಕ್ಕದ ಅಂಗಡಿಯವರೂ ಬಂದು ನಿಂತರು. ಗಾಡಿಯ ಒಂದು ಪಕ್ಕ ನುಜ್ಜಾಗಿತ್ತು, ಹೆಡ್‌ಲೈಟ್ ನೇತಾಡುತ್ತಿತ್ತು. ಆಂಜಿ ಕೀಲಿ ತಿರುಗಿಸಿ ಬಲಕ್ಕೆ ಒತ್ತಿದ. ಮುರಿಯದೆ ಉಳಿದಿದ್ದ ಮೂರೂ ಒಟ್ಟಿಗೆ ಮಿನುಗಿದವು.

"ನೋಡ್ರೀ," ಅಂದಳು ವೆಂಕಟರತ್ನಮ್ಮ. ಅಳುತ್ತಿರಲಿಲ್ಲ, ಅತ್ತು ಮುಗಿಸಿ ಬಂದಿದ್ದಳು. "ಬಲಕ್ಕೆ ಹಾಕಿದ್ರೆ ಎಡಗಡೆನೂ ಹೊಡ್ಕೊಂತದೆ. ಪಿಕಪ್ಪಿನೋನು ಅದನ್ನೇ ಹೇಳ್ತಾವ್ನೆ. ಇದನ್ನ ವೈರಿಂಗ್ ಮಾಡ್ದೋರು ಯಾರು? ಅದೊಂದು ಹೇಳಿ."

ಅಣ್ಣನ ಮುಖ ಸುಣ್ಣವಾಯಿತು. ಕೈ ಬಾಯಿಗಿಟ್ಟುಕೊಂಡ. ಆಮೇಲೆ ತುಟಿ ಒದ್ದೆ ಮಾಡಿಕೊಂಡು, "ನಾನು ದೀಪ ಮಾತ್ರ ಹಾಕಿದ್ದು ಅಕ್ಕಾ," ಅಂದ. "ವೈರಿಂಗ್ ಎಲ್ಲ ನಮ್ ರಜನಿದೇ. ಹಳೇದು. ಒಳಗಡೆ ಅವಳೇನ್ ಮಾಡಿದಾಳೋ ನಂಗೇನು ಗೊತ್ತು?"

ನಾನು ಅಡುಗೆಮನೆಯ ಬಾಗಿಲಿಂದ ಅಂಗಳಕ್ಕೆ ಹಾರಿ ಬಂದೆ ಅನ್ನಬೇಕು. "ಲೇ ಚಂದ್ರು, ಬಾಯಲ್ಲಿ ಹುಳ ಬೀಳ್ತಾವೆ! ಡಯೋಡ್ ಹಾಕು ಅಂತ ನಾನೇ ಹೇಳಿರ್ಲಿಲ್ವೇನೋ? ಬಿಚ್ಚಿ ನೋಡ್ಲಿ. ಯಾವ ಜಾಯಿಂಟ್ ಯಾರ್ದು ಅಂತ ಬಿಚ್ಚಿದ್ರೆ ಗೊತ್ತಾಗಲ್ವಾ?"

"ಗಂಗುಲಪ್ಪಣ್ಣ ನೋಡ್ಲಿ," ಅಂದ ಆಂಜಿ. "ಅವ್ರು ಹೇಳಿದ್ದು ನಮ್ಗೆ ಒಪ್ಗೆ."

ನನಗೆ ಎದೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಅಪ್ಪನ ಕಣ್ಣು ಮಂಜಾಗಿದ್ದರೂ ಬೆರಳು ಮಂಜಾಗಿಲ್ಲ. ಅವನು ಗಾಡಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಹೆಡ್‌ಲೈಟಿನ ಒಳಗೆ ಕೈ ಹಾಕಿದ. ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಉಜ್ಜಿ ನೋಡಿದ. ನನ್ನ ಜಾಯಿಂಟಿನ ಮೇಲಿನ ಸ್ಲೀವ್ ನುಣ್ಣಗೆ, ಒಳಗೆ ಗಟ್ಟಿ ಬೆಸುಗೆ. ಅದು ಅವನೇ ಕಲಿಸಿದ್ದು. ಅವನ ಬೆರಳು ಅಲ್ಲಿ ಒಂದು ಗಳಿಗೆ ನಿಂತಿತು. ಆಮೇಲೆ ಇಂಡಿಕೇಟರಿನ ವೈರಿಗೆ ಹೋಯಿತು. ಸುತ್ತಿದ ಟೇಪು ಬಿಚ್ಚಿಕೊಂಡು ಅವನ ಬೆರಳಿಗೇ ಅಂಟಿತು. ಅದನ್ನು ಹೆಬ್ಬೆರಳಲ್ಲಿ ಉಂಡೆ ಮಾಡಿ ಪಂಚೆಯ ಅಂಚಿಗೆ ಒರೆಸಿಕೊಂಡ. ನಾನು ಎದುರಿಗೇ ನಿಂತು ಎಲ್ಲವನ್ನೂ ನೋಡುತ್ತಿದ್ದೆ.

ಅಪ್ಪ ಎದ್ದ. ಯಾರ ಮುಖವನ್ನೂ ನೋಡಲಿಲ್ಲ. "ಹುಡುಗೀದೇ," ಅಂದ. "ವೈರಿಂಗ್‌ನಲ್ಲೇ ತಪ್ಪಾಗೈತೆ. ಚಂದ್ರು ಹಾಕಿದ್ದು ಬರೀ ದೀಪ."

ವೆಂಕಟರತ್ನಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಎಷ್ಟೋ ಸಲ ತನ್ನ ಹೊಲದ ಟೊಮೆಟೊ ನನ್ನ ಮಡಿಲಿಗೆ ಸುರಿದು ಹೋದ ಹೆಂಗಸು.

"ನಿನ್ನ ನಂಬಿದ್ನಲ್ಲೇ ನನ್ ಗಂಡ," ಅಂದಳು. "ಗಂಡಸ್ರು ಮಾಡೋ ಕೆಲ್ಸಕ್ಕೆ ಯಾಕೆ ಕೈ ಹಾಕಿದೆ?"

"ರತ್ನಕ್ಕಾ, ಅಪ್ಪ ಸುಳ್ಳು ಹೇಳ್ತಾವ್ನೆ. ಬಾ, ನಾನೇ ತೋರಿಸ್ತೀನಿ," ಅಂತ ಗಾಡಿಯ ಕಡೆ ಹೆಜ್ಜೆಯಿಟ್ಟೆ.

"ಚೇಯ್ ಪೆಟ್ಟೊದ್ದು! ಕೈ ಇಡ್ಬೇಡ ನೀನು!" ಅವಳು ಅಡ್ಡ ಬಂದು ನಿಂತಳು. ಕೀಲಿಯನ್ನು ಆಂಜಿಯ ಕೈಯಿಂದ ಕಿತ್ತು ಅಣ್ಣನಿಗೆ ಕೊಟ್ಟಳು. "ನೀನೇ ಸರಿ ಮಾಡಪ್ಪಾ. ನಾಳೆಯಿಂದ ನಮ್ ಆಂಜಿ ಇದ್ರಲ್ಲೇ ಮಂಡಿಗೆ ಹೋಗ್ಬೇಕು. ಈಕೇನ ಹತ್ರ ಸೇರಿಸ್ಬೇಡ."

ಅವರು ಹೋದರು. ನೆರೆದವರೂ ಕರಗಿದರು, ಹೋಗುತ್ತಾ ಹೋಗುತ್ತಾ ತಮ್ಮ ತಮ್ಮ ಗಾಡಿಗೆ ನಾನು ಏನೇನು ಮಾಡಿದ್ದೆ ಅಂತ ನೆನಪಿಸಿಕೊಳ್ಳುತ್ತಾ. ಪಕ್ಕದ ಪಂಕ್ಚರ್ ಅಂಗಡಿಯ ಅಮರನಾಥ್ ತನ್ನ ಸ್ಕೂಟರಿನ ಹಾರನ್ನು ಒಮ್ಮೆ ಒತ್ತಿ ನೋಡಿದ್ದು ನನ್ನ ಕಿವಿಗೆ ಬಿತ್ತು.

"ಯಾಕಪ್ಪಾ?" ಅಂದೆ.

ಅಪ್ಪ ಕುರ್ಚಿ ಹುಡುಕಿ ಕೂತ. ಕೋಪ ಮಾಡಲಿಲ್ಲ. ನನಗೆ ಅದೇ ತಡೆಯಲಾಗಲಿಲ್ಲ. ಮೆಲ್ಲಗೆ, ಪ್ರೀತಿಯಿಂದಲೇ ಹೇಳಿದ: "ನನ್ ಬೆರಳಿಗೆ ಗೊತ್ತಾಗ್ಲಿಲ್ಲ ಅಂದ್ಕೊಂಡ್ಯಾ? ಗೊತ್ತಾಯ್ತು ಕಣೇ. ನಿಂದು ಒಂದು ಜಾಯಿಂಟೂ ಅಲ್ಲಾಡಿಲ್ಲ. ಅದಕ್ಕೇ ಹಂಗಂದೆ. ನಿಂಗೆ ಕೈ ಐತೆ. ಎಲ್ಲಿ ಕೂತ್ರೂ ಬದುಕ್ತೀಯ. ಅವನ್ಗೆ ಏನೈತೆ? ಬೋರ್ಡ್ ಹಾಕಿ ಎರಡು ತಿಂಗ್ಳಾಗಿಲ್ಲ, ಅಷ್ಟ್ರಲ್ಲೇ ಹೆಸರು ಕೆಟ್ರೆ ಹೆಂಡ್ತಿ ಮಕ್ಕಳನ್ನ ಕಟ್ಕೊಂಡು ಎಲ್ಲಿಗೋಗ್ತಾನೆ?"

"ಅಂಗಡಿ ಅವನ್ಗೆ ಕೊಟ್ಟೆ ನೀನು. ನಾನು ಸುಮ್ನಿದ್ದೆ," ಅಂದೆ. "ಕೈ ಒಂದು ಉಳಿದಿತ್ತು. ಈ ಕೈಗೆ ಇನ್ನು ಗಾಡಿ ಕೊಡೋರು ಯಾರಪ್ಪಾ? ನಂಗಲಿಗೆ ಹೋಗ್ಲಾ, ಶ್ರೀನಿವಾಸಪುರಕ್ಕೆ ಹೋಗ್ಲಾ? ಗಂಗುಲಪ್ಪನೇ ಅಂದ್ಮೇಲೆ ನಂಬ್ದೇ ಇರೋರು ಯಾರು?"

ಅವನ ಮುಖ ನೋಡಿದರೆ ಅದು ಅವನಿಗೆ ಹೊಳೆದೇ ಇರಲಿಲ್ಲ ಅಂತ ಗೊತ್ತಾಗುತ್ತಿತ್ತು. "ಜನ ಮರೀತಾರೆ ಬಿಡು," ಅಂದ. ನಾನು ಒಳಗೆ ಹೋದೆ. ಅಮ್ಮ ತಟ್ಟೆಗೆ ಮುದ್ದೆ ಇಕ್ಕಿ ಕರೆದಳು. ಬೇಡ ಅಂದೆ.

ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಣ್ಣ ಆ ಗಾಡಿಯ ಮುಂದೆ ಕೂತು ಒಂದು ವೈರು ಕಿತ್ತ, ಸುತ್ತಿದ, ಸ್ವಿಚ್ ಒತ್ತಿದ. ಎಲ್ಲವೂ ಮಿನುಗಿದವು. ಹೊಸ ಫ್ಲಾಷರ್ ಹಾಕಿದ. ಎಲ್ಲವೂ ಇನ್ನಷ್ಟು ಚೆನ್ನಾಗಿ ಮಿನುಗಿದವು. ಮುರಿದಿದ್ದ ಕಡೆ ಹೊಸ ದೀಪ ಕಟ್ಟಿದ. ಅದೂ ಸೇರಿಕೊಂಡಿತು. ಹಾಗೇ ಬಿಡಲಿ, ಊರೆಲ್ಲ ನೋಡಲಿ ಅಂತ ನಾನು ಹಲ್ಲು ಕಚ್ಚಿ ನಿಂತಿದ್ದೆ. ಆದರೆ ಬೆಳಗಾದರೆ ಅದೇ ಗಾಡಿಯಲ್ಲಿ ಆಂಜಿ ಅದೇ ಹೈವೇಗೆ ಹೋಗುತ್ತಾನೆ, ಅದೇ ಕಡೆ ಬಲಕ್ಕೆ ತಿರುಗುತ್ತಾನೆ. ಸಿಟ್ಟು ನನ್ನದು, ಮುರಿಯುವ ಕಾಲು ಅವನದು. ಈ ಹಾಳು ತಿಳಿವಳಿಕೆ ಕಲಿಸಿಕೊಟ್ಟವನನ್ನೇ ಶಪಿಸುತ್ತಾ ಡಬ್ಬಿಯಿಂದ ಎರಡು ಡಯೋಡ್ ಹುಡುಕಿದೆ.

ಅಂಗಳಕ್ಕೆ ಹೋಗಿ ಅಣ್ಣನ ಮುಂದೆ ಕೈ ಚಾಚಿದೆ. ಅವನು ಬೆಚ್ಚಿ ನೋಡಿದ.

"ಮೀಟರ್ ಬಲ್ಬಿನ ಎರಡೂ ವೈರು ಬಿಚ್ಚು," ಅಂದೆ. "ಗೆರೆ ಇರೋ ತುದಿ ಎರಡನ್ನೂ ಸೇರಿಸಿ ಬಲ್ಬಿಗೆ ಕೊಡು. ಇನ್ನೊಂದು ತುದಿ, ಒಂದು ಎಡದ ವೈರಿಗೆ, ಒಂದು ಬಲದ ವೈರಿಗೆ. ಬಲ್ಬಿನ ಉಳಿದ ಕಾಲನ್ನ ಅರ್ಥಿಂಗಿಗೆ ಸೇರ್ಸು. ಬೆಸುಗೆ ಹಾಕೋ, ಸುತ್ತಬೇಡ."

"ನೀನೇ ಹಾಕ್ಬಿಡೇ," ಅಂದ ಸಣ್ಣ ದನಿಯಲ್ಲಿ.

"ನಾನು ಕೈ ಇಡಬಾರ್ದಂತಲ್ಲ."

ನಿಂತುಕೊಂಡೇ ಹೇಳಿಕೊಟ್ಟೆ. ಅವನು ಎರಡು ಸಲ ಬೆರಳು ಸುಟ್ಟುಕೊಂಡ. ಕೊನೆಗೆ ಕೀಲಿ ತಿರುಗಿಸಿ ಬಲಕ್ಕೆ ಒತ್ತಿದ. ಬಲಗಡೆಯವು ಮಾತ್ರ ಮಿನುಗಿದವು. ಎಡಕ್ಕೆ ಒತ್ತಿದ. ಎಡಗಡೆಯವು ಮಾತ್ರ. ಅಣ್ಣನಿಗೆ ನಾನು ಪಕ್ಕದಲ್ಲಿರುವುದೂ ಮರೆತುಹೋಯಿತು.

"ಅಪ್ಪಾ, ಆಯ್ತು! ಸರಿ ಹೋಯ್ತು!" ಅಂತ ಕೂಗಿದ.

ಅಪ್ಪ ಅಂಗಡಿಯ ಬಾಗಿಲಲ್ಲಿ ಕೂತಿದ್ದ. ನಾನು ಹೇಳಿಕೊಟ್ಟ ಒಂದೊಂದು ಮಾತೂ ಅವನಿಗೆ ಕೇಳಿಸುವಷ್ಟು ಹತ್ತಿರದಲ್ಲಿದ್ದ. ಅವನು ರಸ್ತೆಯ ಕಡೆ ಮುಖ ಮಾಡಿ, ಅಕ್ಕಪಕ್ಕದ ಅಂಗಡಿಗಳಿಗೆಲ್ಲ ಕೇಳಿಸುವಂತೆ ಗಟ್ಟಿಯಾಗಿ ಹೇಳಿದ:

"ಭೇಷ್ ಕಣೋ ಚಂದ್ರು! ನನ್ ಮಗ ಅಂದ್ರೆ ನೀನು."

ಇಷ್ಟು ವರ್ಷ ಅವನ ಕಣ್ಣಾಗಿ ದುಡಿದ ನನಗೆ ಆ ಭೇಷ್ ಒಂದು ಸಲವೂ ಸಿಕ್ಕಿರಲಿಲ್ಲ.